ಸಲೈನ್ ಸುರಿದ ಮೇಲೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ನಮ್ಮ ಕ್ಲಿನಿಕ್ಕಿಗೆ ಬರುವವರಲ್ಲಿ ಕೆಮ್ಮಿನವರು, ಸುಟ್ಟಗಾಯದವರೇ ಹೆಚ್ಚು. ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸ. ಒಂದು ಹಿಡಿ ಮರಳು ಕೈಮೇಲೆ ಬಿದ್ದರೆ ಸಾಕು.

ಒಂದು ವರ್ಷ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸ-ಪ್ರಾರ್ಥನೆಯ ದಿನಗಳಲ್ಲಿ, ಕಾನ್ವೆಂಟಿನಲ್ಲಿ ಇದ್ದದ್ದು ನಾವು ಮೂರೇ ಸಿಸ್ಟರುಗಳು, ನಮ್ಮಲ್ಲೊಬ್ಬರು ಜ್ವರದಿಂದ ಮಲಗಿದ್ದರು. ಬೆಳಗಿನ ಧ್ಯಾನವನ್ನು ಮೊದಲು ಒಂದು ದಿನ ಬಿಟ್ಟೆ, ಆಮೇಲೆ ವಾರ, ಆಮೇಲೆ ಲೆಕ್ಕವೇ ತಪ್ಪಿತು. ಚರ್ಚಿನ ಪೂಜೆಗೇನೋ ಹೋಗುತ್ತಿದ್ದೆ, ಕೀರ್ತನೆಗಳನ್ನು ಬಾಯಿ ಹೇಳುತ್ತಿತ್ತು. ಸಮಾಧಾನಕ್ಕೆ ಸಂತ ವಿನ್ಸೆಂಟ್ ದೆ ಪಾಲರ ಮಾತಿತ್ತು. 1633ರಲ್ಲಿ ಲೂಯಿಸ್ ದೆ ಮರಿಲಾಕ್ ಜೊತೆಗೂಡಿ ಡಾಟರ್ಸ್ ಆಫ್ ಚಾರಿಟಿ ಎಂಬ ಸಿಸ್ಟರುಗಳ ಸಂಘ ಕಟ್ಟಿದವರು ಅವರು. ಪ್ರಾರ್ಥನೆಯ ಹೊತ್ತಲ್ಲಿ ಬಡವರು ಕರೆದರೆ ಎದ್ದು ಹೋಗಿ, ಅದು ದೇವರಿಗಾಗಿ ದೇವರನ್ನು ಬಿಟ್ಟಂತೆ ಎಂದು ಆ ಸಿಸ್ಟರುಗಳಿಗೆ ಹೇಳುತ್ತಿದ್ದರು. ಅದೇ ಸಂತರು ಬೆಳಗಿನ ಜಾವ ನಾಲ್ಕಕ್ಕೆದ್ದು ಪ್ರಾರ್ಥನೆಗೆ ಕೂರುತ್ತಿದ್ದರು ಅನ್ನುವುದನ್ನು ನಾನು ಮರೆತೇಬಿಟ್ಟಿದ್ದೆ. ಬಿಡಬೇಕಾದರೂ ಮೊದಲು ಹಿಡಿದಿರಬೇಕಲ್ಲ!

ಒಂದು ಸಂಜೆ ಮುಂಗೈ ಸುಟ್ಟ ಹೆಂಗಸೊಬ್ಬರು ಡ್ರೆಸ್ಸಿಂಗಿಗೆ ಬಂದರು. ಹೊರಗೆ ಇನ್ನೂ ಹನ್ನೊಂದು ಜನ. ಗಾಜ್ ಬಟ್ಟೆ ಗಾಯಕ್ಕೆ ಅಂಟಿ ಒಣಗಿತ್ತು. ಅಂಥದಕ್ಕೆ ಸಲೈನ್ ಸುರಿದು ನೆನೆಯುವವರೆಗೆ ಕಾಯಬೇಕು, ಆಗ ತಾನಾಗಿ ಬಿಡುತ್ತದೆ. ನಾನು ಕಾಯಲಿಲ್ಲ. ತುದಿ ಹಿಡಿದು ಎಳೆದೆ. ಆಗಷ್ಟೇ ಬರುತ್ತಿದ್ದ ಎಳೆ ಚರ್ಮವೂ ಕಿತ್ತು ಬಂತು, ರಕ್ತ ಜಿನುಗಿತು. ಆಕೆ ಕೂಗಲಿಲ್ಲ. ಸೆರಗು ಕಚ್ಚಿಕೊಂಡು ಕೂತಿದ್ದು, ನೋವು ತುಸು ಇಳಿದ ಮೇಲೆ ಕೇಳಿದರು: "ಯಾಕ್ರೀ ಸಿಸ್ಟರ್, ಇವತ್ತು ನಿಮ್ದು ನಮಾಜ್ ಆಗಿಲ್ಲೇನು?"

ಮಾತಿನಲ್ಲಿ ಕೊಂಕಿರಲಿಲ್ಲ. ನಮಾಜ್ ತಪ್ಪಿದ ದಿನ ತನ್ನ ಕೈಯೂ ಹೀಗೇ ಒರಟಾಗುತ್ತೆ, ಸುಮ್ಮಸುಮ್ಮನೆ ಮಕ್ಕಳ ಮೇಲೆ ಹೋಗುತ್ತೆ ಅಂದರು.

"ಇಲ್ಲಮ್ಮ, ಆಗಿಲ್ಲ. ತಪ್ಪಾಯ್ತು" ಅಂದೆ. ಎಷ್ಟು ದಿನದಿಂದ ಆಗಿಲ್ಲ ಅನ್ನುವುದನ್ನು ಹೇಳಲು ಬಾಯಿ ಬರಲಿಲ್ಲ.

ಅರ್ಧ ಬಟ್ಟೆ ಇನ್ನೂ ಅಂಟಿಕೊಂಡೇ ಇತ್ತು. ಸ್ಟೂಲ್ ಎಳೆದುಕೊಂಡು ಕೂತು, ಆಕೆಯ ಕೈಯನ್ನು ನನ್ನ ಅಂಗೈಲಿ ಇಟ್ಟುಕೊಂಡು ಸಲೈನ್ ಸುರಿದೆ. ನೀರು ಒಂದೊಂದೇ ಎಳೆಯೊಳಗೆ ಇಳಿಯಿತು. ಕಂದು ಕಲೆ ಅಂಚಿನಿಂದ ತಿಳಿಯಾಗುತ್ತಾ ಬಂತು. ಮಗ್ರಿಬ್‌ನ, ಅಂದರೆ ಮುಸ್ಸಂಜೆ ನಮಾಜಿನ, ಅಜಾನ್ ಕೇಳಿಸಿತು. ಆಕೆ ಇನ್ನೊಂದು ಕೈಯಿಂದ ಸೆರಗನ್ನು ತಲೆಮೇಲೆ ಎಳೆದುಕೊಂಡರು. ಇಬ್ಬರೂ ಮಾತಾಡಲಿಲ್ಲ. ಎಷ್ಟೋ ದಿನಗಳ ನಂತರ ನನ್ನೊಳಗಿಂದ "ಸ್ವಾಮೀ" ಅನ್ನುವ ಒಂದೇ ಮಾತು ಎದ್ದಿತು, ಅದರ ಹಿಂದೆ ಬೇರೇನೂ ಬರಲಿಲ್ಲ.

ಬಾಗಿಲ ಹತ್ತಿರ ಯಾರೋ "ಇನ್ನೂ ಎಷ್ಟೊತ್ತು ಸಿಸ್ಟರ್?" ಅಂದರು. "ಹತ್ತು ನಿಮಿಷ ಕೂತ್ಕೊಳ್ಳಿ" ಅಂದೆ. ಬಟ್ಟೆ ಸದ್ದಿಲ್ಲದೆ ಕಳಚಿಕೊಂಡಿತು.

ಕಟ್ಟು ಹಾಕಿ, ನಾಳಿದ್ದು ಬನ್ನಿ ಅಂದೆ. ಭಟ್ಟಿಗೆ ಹೋಗುವ ಮೊದಲು ಬೆಳಿಗ್ಗೆ ಆರಕ್ಕೇ ಬರಲೇ ಎಂದು ಕೇಳಿದರು.

"ಏಳಕ್ಕೆ ಬನ್ನಿ," ಅಂದೆ. "ಆರಕ್ಕೆ ನನ್ನ ನಮಾಜ್ ಇರುತ್ತೆ."