ಟೂರ್ ಗೆಲ್ಲದ ಪಿನೋ ಮೇಲೆ ಜನಕ್ಕೆ ಯಾಕಿಷ್ಟು ಪ್ರೀತಿ?

ಸೈಕಲ್ ರೇಸ್ ನೋಡಲು ಶುರುಮಾಡಿದವರು ಬೇಗನೇ ಕೇಳುವ ಪ್ರಶ್ನೆ ಇದು. ಫ್ರಾನ್ಸಿನ ತಿಬೋ ಪಿನೋ ಟೂರ್ ಡಿ ಫ್ರಾನ್ಸ್ ಗೆದ್ದವನಲ್ಲ, ಹಳದಿ ಜೆರ್ಸಿಯನ್ನು ಒಂದು ದಿನವೂ ತೊಟ್ಟವನಲ್ಲ. (ದಿನಕ್ಕೊಂದು ಹಂತದಂತೆ 21 ಹಂತಗಳ ಈ ರೇಸಿನಲ್ಲಿ ಎಲ್ಲ ಹಂತ ಸೇರಿಸಿ ಕಡಿಮೆ ಸಮಯ ತೆಗೆದುಕೊಂಡವನು ಗೆಲ್ಲುತ್ತಾನೆ; ಆಯಾ ದಿನ ಒಟ್ಟು ಲೆಕ್ಕದಲ್ಲಿ ಮುಂದಿರುವವನಿಗೆ ಹಳದಿ ಜೆರ್ಸಿ.) 2023ರಲ್ಲಿ ನಿವೃತ್ತನೂ ಆದ. ಆದರೂ ಅವನ ವಿಡಿಯೊಗಳು ಇವತ್ತಿಗೂ ಕೈಯಿಂದ ಕೈಗೆ ಹೋಗುತ್ತಲೇ ಇರುತ್ತವೆ.

ಸೋತವನ ಮೇಲಿನ ಕನಿಕರ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2014ರ ಟೂರ್‌ನಲ್ಲಿ ಮೂರನೇ ಸ್ಥಾನ, 2015ರಲ್ಲಿ ಟೂರ್‌ನ ಆಲ್ಪ್ ದ್ಯುಯೆಜ್ ಬೆಟ್ಟದ ಹಂತ, 2018ರಲ್ಲಿ ಇಟಲಿಯ ಒಂದು ದಿನದ ದೊಡ್ಡ ರೇಸ್ ಲೊಂಬಾರ್ದಿಯಾ ಗೆದ್ದವನಿಗೆ ಯಾರ ಕನಿಕರವೂ ಬೇಕಿಲ್ಲ. ಪಿನೋ ಸೋತಾಗ ಯಾಕೆ ಸೋತ ಅನ್ನುವುದು ನೋಡುವವರ ಕಣ್ಣಿಗೇ ಕಾಣುತ್ತಿತ್ತು. ಪಕ್ಕದಲ್ಲೇ ಮೋಟರ್‌ಬೈಕ್ ಮೇಲೆ ಕ್ಯಾಮೆರಾ ಇದ್ದರೂ ಮುಖದಲ್ಲಿ ಅವನು ಏನನ್ನೂ ಮುಚ್ಚಿಡುತ್ತಿರಲಿಲ್ಲ. ಅವನ ಜನಪ್ರಿಯತೆಯ ಗುಟ್ಟು ಇದೇ.

2019ರ ಟೂರ್ ತೆಗೆದುಕೊಳ್ಳಿ. 10ನೇ ಹಂತ, ಆಲ್ಬಿ ಕಡೆಗೆ ಸಪಾಟು ದಾರಿ, ಅಡ್ಡಗಾಳಿ. ಅಡ್ಡಗಾಳಿಯಲ್ಲಿ ಸವಾರರು ಒಬ್ಬರ ಹಿಂದೊಬ್ಬರು ಹೋಗದೆ ರಸ್ತೆಗೆ ಓರೆಯಾಗಿ ಸಾಲುಗಟ್ಟುತ್ತಾರೆ. ಗಾಳಿಯ ಮರೆ ಸಿಗುವುದು ರಸ್ತೆಯ ಅಗಲದಲ್ಲಿ ಹಿಡಿಯುವಷ್ಟು ಜನಕ್ಕೆ ಮಾತ್ರ. ಉಳಿದವರು ರಸ್ತೆಯಂಚಿನಲ್ಲಿ ಗಾಳಿಗೆ ಮೈಯೊಡ್ಡಿ ತುಳಿಯಬೇಕು. ಅಲ್ಲಿ ಒಬ್ಬ ಸವಾರ ಮುಂದಿನ ಚಕ್ರದಿಂದ ಒಂದೆರಡು ಮೀಟರ್ ಹಿಂದೆ ಬಿದ್ದರೂ ಗುಂಪು ಹರಿದುಹೋಗುತ್ತದೆ. ಪಿನೋ ಹಿಂದಿನ ಗುಂಪಿನಲ್ಲಿ ಸಿಕ್ಕಿಕೊಂಡು 1 ನಿಮಿಷ 40 ಸೆಕೆಂಡ್ ಕಳೆದುಕೊಂಡ.

ಆಮೇಲೆ ತೂರ್ಮಲೆ ಬೆಟ್ಟದ ತುದಿಯಲ್ಲಿ ಗೆದ್ದ. ಮರುದಿನ ಪ್ರಾ ದಾಲ್ಬಿ ಬೆಟ್ಟದಲ್ಲಿ ಮತ್ತೆ ಎಲ್ಲ ಪೈಪೋಟಿಗಾರರನ್ನೂ ಹಿಂದೆ ಹಾಕಿದ. 18 ಹಂತ ಮುಗಿದಾಗ ಒಟ್ಟು ಲೆಕ್ಕದಲ್ಲಿ ಮುಂಚೂಣಿಯಲ್ಲಿದ್ದ ಆಲಫಿಲಿಪ್‌ಗಿಂತ ಅವನು 1 ನಿಮಿಷ 50 ಸೆಕೆಂಡ್ ಹಿಂದಿದ್ದ. ಆ ಗಾಳಿಯ ದಿನವನ್ನು ಕಳೆದು ನೋಡಿ: ಬರೀ 10 ಸೆಕೆಂಡ್!

ಜುಲೈ 26, 19ನೇ ಹಂತ. ಎಡತೊಡೆಯ ಸ್ನಾಯು ಹರಿದಿತ್ತು. ಮಂಡಿಯನ್ನು ನೇರ ಮಾಡುವ ಸ್ನಾಯು ಅದು, ಪೆಡಲಿನ ಪ್ರತಿ ಸುತ್ತಿಗೂ ಬೇಕೇ ಬೇಕು. ಬೆಟ್ಟ ಹತ್ತುವವನು ನಿಮಿಷಕ್ಕೆ ಎಂಬತ್ತು ಸಲ ತುಳಿಯುತ್ತಾನೆ ಅಂದುಕೊಂಡರೆ ಅಷ್ಟೂ ಸಲ ನೋವು. ಸಹಸವಾರ ವಿಲಿಯಂ ಬೊನೆ ಸೈಕಲ್ ಮೇಲಿಂದಲೇ ಅವನ ಹೆಗಲು ಬಳಸಿ ಹಿಡಿದ. ಪಿನೋ ಅಳುತ್ತಲೇ ಇಳಿದು ತಂಡದ ಕಾರು ಹತ್ತಿದ. ಅತಿ ಹೆಚ್ಚು ಹಂಚಿಕೆಯಾಗುವ ತುಣುಕುಗಳಲ್ಲಿ ಇದೂ ಒಂದು. ಆದರೆ ಆ ಹತ್ತು ಸೆಕೆಂಡಿನ ಲೆಕ್ಕ ಗೊತ್ತಿಲ್ಲದೆ ನೋಡಿದರೆ ಅದರ ಅರ್ಧ ತೂಕವೂ ತಿಳಿಯುವುದಿಲ್ಲ.

ತನ್ನೂರು ಮೆಲಿಸೆಯ ತೋಟದಲ್ಲಿ ಅವನು ಸಾಕಿದ ಆಡುಗಳ ಫೋಟೊಗಳೂ ಇನ್‌ಸ್ಟಾಗ್ರಾಂನಲ್ಲಿ ಜನಪ್ರಿಯವೇ. ಅವು ಚೆಂದ, ಆದರೆ ಅವುಗಳಿಂದಾಗಿ ಯಾರೂ ಅವನ ಅಭಿಮಾನಿಯಾದಂತಿಲ್ಲ.

2023ರ ಜುಲೈ 22ರಂದು, ಅವನ ಕೊನೆಯ ಟೂರ್‌ನ 20ನೇ ಹಂತದಲ್ಲಿ, ಅಭಿಮಾನಿಗಳು ಪೆತಿ ಬಾಲೋ ಬೆಟ್ಟದ ಒಂದು ತಿರುವನ್ನೇ ತುಂಬಿಕೊಂಡು ನಿಂತಿದ್ದರು. 9.3 ಕಿಲೋಮೀಟರ್ ಉದ್ದದ, ಸರಾಸರಿ ಶೇ. 8.1 ಏರು ಅದು. ಪಿನೋ ಅಲ್ಲಿಗೆ ಒಬ್ಬನೇ, ಎಲ್ಲರಿಗಿಂತ ಮುಂದೆ ಬಂದ. ಮುಂದಿನ ಏರಿನಲ್ಲಿ ಆ ಟೂರ್‌ನ ಮೊದಲೆರಡು ಸ್ಥಾನದಲ್ಲಿದ್ದ ವಿಂಗೆಗೋ, ಪೊಗಾಚರ್ ಅವನನ್ನು ಹಿಡಿದುಬಿಟ್ಟರು, ಹಂತ ಕೈತಪ್ಪಿತು. ಆ ತಿರುವಿನ ಕೂಗನ್ನು ಮಾತ್ರ ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು.

ಹೊಸಬರು ಮೊದಲು 2012ರ ಟೂರ್‌ನಲ್ಲಿ ಪೊರಾಂತ್ರುಯಿ ಊರಿನಲ್ಲಿ ಮುಗಿದ ಹಂತ ನೋಡಲಿ. 22ರ ಪಿನೋ, ಆ ಟೂರ್‌ನ ಅತಿ ಕಿರಿಯ, ಒಬ್ಬನೇ ಗುರಿಯತ್ತ ಹೋಗುತ್ತಿದ್ದಾನೆ. ಹಿಂದಿನ ಕಾರಿನ ಕಿಟಕಿಯಿಂದ ಅರ್ಧ ಮೈ ಹೊರಚಾಚಿ, ಬಾಗಿಲು ಬಡಿಯುತ್ತ, ಗಂಟಲು ಹರಿಯುವಂತೆ ಕೂಗುತ್ತಿರುವವರು ತಂಡದ ಮ್ಯಾನೇಜರ್ ಮಾರ್ಕ್ ಮಾದಿಯೊ. ಆಮೇಲೆ 2019ಕ್ಕೆ ಬನ್ನಿ.