ಕೋಟೆ ಬೀಳೋಕೆ ಇನ್ನು 120 ಪೇಜ್

ಈಗ ಏನ್ ಓದ್ತಾ ಇದೀಯ ಅಂತ ಯಾರು ಕೇಳಿದ್ರೂ ಮೂರು ತಿಂಗಳಿಂದ ನಂದು ಒಂದೇ ಉತ್ತರ, ತರಾಸು ಅವರ ದುರ್ಗಾಸ್ತಮಾನ. ಇನ್ನೂ ಮುಗ್ದಿಲ್ವಾ ಅಂತಾರೆ. ಟೈಮ್ ಸಿಗ್ತಿಲ್ಲ ಕಣ್ರೀ ಅಂತ ಸುಳ್ಳು ಹೇಳ್ತೀನಿ. ಟೈಮ್ ಏನೋ ಬೇಕಾದಷ್ಟಿದೆ, ದಿನಾ ಚಿತ್ರದುರ್ಗದಿಂದ ದಾವಣಗೆರೆಗೆ ಡ್ಯೂಟಿಗೆ ಹೋಗಿ ಬರ್ತೀನಿ, ಹೋಗ್ತಾ ಹತ್ತತ್ರ 60 ಕಿಲೋಮೀಟರ್ ಬರ್ತಾ 60, ಸೀಟ್ ಒಂದು ಸಿಕ್ರೆ ಎರಡು ತಾಸು ಆರಾಮಾಗಿ ಓದಬಹುದು. ವಿಷಯ ಏನಂದ್ರೆ ಇನ್ನು 120 ಪೇಜ್ ಉಳಿದಿದೆ, ಅದರಲ್ಲಿ ಏನಾಗತ್ತೆ ಅಂತ ನನಗೆ ಗೊತ್ತು, ಅದಕ್ಕೇ ಪುಟ ತಿರುಗಿಸೋಕೆ ಕೈ ಬರ್ತಿಲ್ಲ.

ದುರ್ಗದಲ್ಲಿ ಹುಟ್ಟಿದೋರಿಗೆ ಈ ಕಾದಂಬರಿಯಲ್ಲಿ ಸಸ್ಪೆನ್ಸ್ ಅನ್ನೋದೇ ಇಲ್ಲ. ಹೆಸರಲ್ಲೇ ಅಸ್ತಮಾನ ಅಂತ ಇದೆ. 1779ರಲ್ಲಿ ಹೈದರಾಲಿ ಕೋಟೆ ತಗೊಂಡ, ಮದಕರಿನಾಯಕನ್ನ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಕರ್ಕೊಂಡು ಹೋದ, ಅಲ್ಲಿಗೆ ದುರ್ಗದ ಪಾಳೆಯಗಾರರ ಕಥೆ ಮುಗೀತು. ಇದನ್ನ ಪ್ರೈಮರಿ ಸ್ಕೂಲ್ ಮಕ್ಕಳೂ ಹೇಳ್ತಾರೆ. ಆದ್ರೂ ಓದ್ತಾ ಓದ್ತಾ ಏನೋ ಒಂದು ಹುಚ್ಚು ಆಸೆ, ಈ ಸಲ ಬಚಾವಾಗ್ಬಹುದೇನೋ, ಯಾರೋ ಒಬ್ಬ ಸರಿಯಾದ ಟೈಮಿಗೆ ಸರಿಯಾದ ಮಾತು ಹೇಳ್ಬಹುದೇನೋ ಅಂತ. ಹಳೇ ಕ್ರಿಕೆಟ್ ಮ್ಯಾಚ್ ಹೈಲೈಟ್ಸ್ ನೋಡುವಾಗ ಔಟ್ ಆಗ್ತಾನೆ ಅಂತ ಗೊತ್ತಿದ್ರೂ ಹಲ್ಲು ಕಚ್ಚಿ ಕೂರ್ತೀವಲ್ಲ, ಹಂಗೆ.

ತರಾಸು ದುರ್ಗದ ಮೇಲೆ ಬರೆದಿರೋದು ಇದೊಂದೇ ಅಲ್ಲ. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಮೂರನ್ನೂ ನಾನು ಕಾಲೇಜಲ್ಲಿದ್ದಾಗ ಒಂದರ ಹಿಂದೊಂದು ಓದಿ ಮುಗಿಸಿದ್ದೆ, ದಳವಾಯಿ ಮುದ್ದಣ್ಣನ ಆಟ, ಭರಮಣ್ಣನಾಯಕ ಗದ್ದುಗೆಗೆ ಬರೋದು, ಅದೆಲ್ಲ ರಾತ್ರಿ ನಿದ್ದೆಗೆಟ್ಟು ಓದೋ ಥರದ್ದು. ದುರ್ಗಾಸ್ತಮಾನ ಬಂದಿದ್ದು ಎಲ್ಲಾ ಆದ್ಮೇಲೆ, 1982ರಲ್ಲಿ. 1984ರಲ್ಲಿ ಅವರು ತೀರಿಕೊಂಡ್ರು, 1985ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ತಗೊಳ್ಳೋಕೆ ಅವರೇ ಇರಲಿಲ್ಲ. ಜೀವನ ಪೂರ್ತಿ ದುರ್ಗದ ಕಥೆ ಹೇಳಿದ ಮನುಷ್ಯ ದುರ್ಗ ಬೀಳೋ ಕಥೆನ ಕೊನೆಗೆ ಇಟ್ಕೊಂಡಿದ್ದು ನೋಡಿದ್ರೆ ಅವರಿಗೂ ಕೈ ಬರಲಿಲ್ವೇನೋ ಅನ್ಸತ್ತೆ, ಇದು ನನ್ನ ಊಹೆ ಅಷ್ಟೇ. ಬರೆಯೋರಿಗೇ ಹಂಗಾದ್ರೆ ಓದೋ ನಾನ್ಯಾವ ಲೆಕ್ಕ.

ಈಗ ಕಂಪ್ಲೇಂಟ್ ಹೇಳ್ತೀನಿ. ಮಾತು ಜಾಸ್ತಿ. ದರ್ಬಾರಲ್ಲಿ ಯಾರೇ ಬಾಯಿ ತೆಗೆದ್ರೂ ಒಂದು ಪೇಜ್ ಮಾತಾಡ್ತಾರೆ, ಎಲ್ಲರೂ ಅದೇ ಗಾಂಭೀರ್ಯದಲ್ಲಿ, ಪ್ರಧಾನಿಗೂ ಊಳಿಗದವನಿಗೂ ಭಾಷೆಯಲ್ಲಿ ವ್ಯತ್ಯಾಸವೇ ಗೊತ್ತಾಗಲ್ಲ ಒಂದೊಂದ್ಸಲ. ನಮ್ಮ ಕಡೆ ಮಾತು ಹಂಗಿರತ್ತಾ ಹೇಳಿ. ಬಸ್ಸಲ್ಲಿ ಕೂತು ಅರಮನೆ ಕನ್ನಡ ಓದ್ತಾ ಇರ್ತೀನಿ, ಪಕ್ಕದಲ್ಲಿ ಒಬ್ಬ ಅಜ್ಜ ಫೋನಲ್ಲಿ "ಲೇ ಮೆಕ್ಕೆಜೋಳ ಒಣಗೈತೋ ಇಲ್ಲೋ ನೋಡಲೇ" ಅಂತ ಕಿರುಚ್ತಾ ಇರ್ತಾನೆ, ಆ ಅಜ್ಜನ್ನ ಎತ್ತಿ ಕಾದಂಬರಿ ಒಳಗೆ ಹಾಕೋಣ ಅನ್ಸತ್ತೆ.

ಆದ್ರೆ ಜಾಗ ಗೊತ್ತು ಪುಣ್ಯಾತ್ಮನಿಗೆ. ಯಾವ ಬತೇರಿ, ಅಂದ್ರೆ ಬುರುಜಿನ ಮೇಲೆ ನಿಂತ್ರೆ ಯಾವ ದಿಕ್ಕು ಕಾಣತ್ತೆ, ಯಾವ ಬಾಗಿಲು ದಾಟಿ ಯಾವ ಕಡೆ ಹೋಗಬೇಕು ಅನ್ನೋದು ಅವರಿಗೆ ಕಣ್ಣು ಮುಚ್ಕೊಂಡು ಗೊತ್ತು. ನಾನು ಸ್ಕೂಲಲ್ಲಿದ್ದಾಗ ಕೋಟೆಗೆ ಪಿಕ್ನಿಕ್ ಹೋಗಿದ್ದೀನಿ ಎಷ್ಟೋ ಸಲ, ನೆನಪಿರೋದು ಚಿತ್ರಾನ್ನದ ಡಬ್ಬಿ ಕೋತಿ ಕಿತ್ಕೊಂಡು ಹೋಗಿದ್ದು ಮಾತ್ರ. ಸಿಡಿಮದ್ದು ಬೀಸೋ ಕಲ್ಲು ನೋಡಿ ಎಷ್ಟು ದೊಡ್ಡ ಬೀಸೋಕಲ್ಲು, ರಾಗಿ ಎಷ್ಟು ಬೇಕಾಗ್ತಿತ್ತೋ ಅಂದಿದ್ದೆನಂತೆ, ಅಮ್ಮ ಈಗಲೂ ಆಡ್ಕೊಂಡು ನಗ್ತಾಳೆ. ಈ ಪುಸ್ತಕ ಹಿಡಿದ ಮೇಲೆ ಒಂದು ಭಾನುವಾರ ಮತ್ತೆ ಹತ್ತಿದೆ. ಏಕನಾಥೇಶ್ವರಿ ಗುಡಿ, ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ, ಎಲ್ಲಾ ಅವೇ. ಆದ್ರೆ ಈ ಸಲ ಬಿಸಿಲಲ್ಲಿ ಆ ಮಣ್ಣಿನ ಗೋಡೆಗಳ ಪಕ್ಕ ನಿಂತಾಗ ಇಲ್ಲಿ ಜನ ಸಂಸಾರ ಮಾಡ್ಕೊಂಡಿದ್ರು, ಒಲೆ ಹಚ್ತಿದ್ರು ಅಂತ ಮೊದಲನೇ ಸಲ ಅನ್ಸಿದ್ದು.

ನಮ್ಮ ಆಫೀಸಲ್ಲಿ ಹರಿಹರದ ಕಡೆಯ ಸರ್ ಒಬ್ಬರಿದ್ದಾರೆ. ನನ್ನ ಟೇಬಲ್ ಮೇಲೆ ಈ ಪುಸ್ತಕ ನೋಡಿದ ದಿನ ಅವರದ್ದು ಒಂದೇ ಹಠ, ತರಾಸು ನಿಮ್ಮ ದುರ್ಗದೋರಲ್ಲ, ಹುಟ್ಟಿದ್ದು ಮಲೇಬೆನ್ನೂರಲ್ಲಿ, ನಮ್ಮ ಹರಿಹರ ತಾಲೂಕು, ದಾವಣಗೆರೆ ಜಿಲ್ಲೆ ಅಂತ. ನಾನು ಬಿಡ್ತೀನಾ, ಮನೆತನ ಚಳ್ಳಕೆರೆ ತಾಲೂಕಿನ ತಳುಕು ಸರ್, ಹೆಸರಲ್ಲೇ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಅಂತ ಊರಿದೆ, ಅದೂ ಅಲ್ದೆ ನಿಮ್ಮ ಜಿಲ್ಲೆ ಆಗಿದ್ದೇ 1997ರಲ್ಲಿ, ಅವರು ಹುಟ್ಟಿದಾಗ ಹರಿಹರನೂ ನಮ್ಮದೇ ಅಂದೆ. ಟೀ ಟೈಮ್ ಪೂರ್ತಿ ಇದೇ ಜಗಳ. ಸೋತೆ ಅಂತ ಒಪ್ಕೊಳ್ಳದೆ ಮಾರನೇ ದಿನ ಒಂದು ಪುಸ್ತಕ ತಂದು ಕೊಟ್ರು, ಇದು ಓದಿ, ಇದು ನಮ್ಮ ಹೊಳೆ ಕಥೆ ಅಂತ. ವಸುಧೇಂದ್ರ ಅವರ ತೇಜೋ ತುಂಗಭದ್ರಾ.

ನನಗೂ ಕೋಟೆಯಿಂದ ತಪ್ಪಿಸ್ಕೊಳ್ಳೋಕೆ ಒಂದು ನೆಪ ಬೇಕಿತ್ತು, ಶುರು ಮಾಡಿದೆ. 2019ರಲ್ಲಿ ಬಂದ ಕಾದಂಬರಿ, ಎಲ್ಲರೂ ಆಗಲೇ ಓದಿ ಮುಗಿಸಿದ್ದಾರೆ, ನಾನು ಯಾವಾಗಲೂ ಜಾತ್ರೆ ಮುಗಿದ ಮೇಲೆ ತೇರು ನೋಡೋಕೆ ಹೋಗೋಳು. ತೇಜೋ ಅಂದ್ರೆ ಲಿಸ್ಬನ್ ಊರಲ್ಲಿ ಹರಿಯೋ ನದಿ. ಅಲ್ಲಿ ಗೇಬ್ರಿಯಲ್ ಅಂತ ಬಡ ಹುಡುಗ, ಬೆಲ್ಲಾ ಅಂತ ಯಹೂದಿ ಹುಡುಗಿ. ಇಲ್ಲಿ ತುಂಗಭದ್ರೆ ದಡದ ತೆಂಬಕ್ಕಪುರದಲ್ಲಿ ಹಂಪಮ್ಮ. ಕಾಲ ಸುಮಾರು 1500ರ ಆಸುಪಾಸು, ಅಲ್ಲಿಂದ ಹಡಗು ಹೊರಟ್ರೆ ಇಲ್ಲಿ ಗೋವಾಕ್ಕೆ ಬರೋ ಕಾಲ. ಒಂದು ಭಾಗ ಅಲ್ಲಿ ಒಂದು ಭಾಗ ಇಲ್ಲಿ, ಹಿಂಗೆ ಹೋಗ್ತಾ ಇರತ್ತೆ. ನಾನು ಅರ್ಧಕ್ಕಿಂತ ಸ್ವಲ್ಪ ಮುಂದೆ ಇದೀನಿ.

ನಿಜ ಹೇಳ್ಬೇಕಂದ್ರೆ ನನಗೆ ಲಿಸ್ಬನ್ ಭಾಗವೇ ಜಾಸ್ತಿ ಹಿಡಿಸಿದ್ದು, ತುಂಗಭದ್ರೆ ನೀರು ಕುಡಿಯೋ ನನಗೆ! ಯಹೂದಿಗಳನ್ನ ಮತಾಂತರ ಆಗಿ ಅಂತ ಹಿಂಸೆ ಮಾಡೋದು ಓದುವಾಗ ಭರಮಸಾಗರ ಯಾವಾಗ ದಾಟ್ತೋ ಆನಗೋಡು ಯಾವಾಗ ಬಂತೋ ಗೊತ್ತೇ ಆಗ್ಲಿಲ್ಲ. ಹಡಗಿನ ಪ್ರಯಾಣ ಅಂತೂ ಕೇಳ್ಬೇಡಿ. ನಮ್ಮ ಅಡುಗೆಮನೆ ಡಬ್ಬಿಯಲ್ಲಿರೋ ಕಾಳುಮೆಣಸಿಗೋಸ್ಕರ ಅಷ್ಟು ಜನ ಸಮುದ್ರದ ಮೇಲೆ ಸತ್ರಲ್ಲ ಅಂತ ಆವತ್ತು ರಾತ್ರಿ ಸಾರಿಗೆ ಮೆಣಸು ಕುಟ್ಟುವಾಗ ಎರಡು ನಿಮಿಷ ಕೈ ನಿಂತಿತ್ತು. ಎರಡೇ ನಿಮಿಷ, ಸಾರು ಚೆನ್ನಾಗೇ ಆಯ್ತು.

ಇದರಲ್ಲೂ ಒಂದು ಕಿರಿಕಿರಿ ಇದೆ. ಲೇಖಕರು ಎಷ್ಟು ಓದ್ಕೊಂಡು ಬರೆದಿದ್ದಾರೆ ಅನ್ನೋದು ಅಲ್ಲಲ್ಲಿ ಎದ್ದು ಕಾಣತ್ತೆ. ಒಂದು ಪದ್ಧತಿ ಬಂತು ಅಂದ್ರೆ ಅದರ ವಿವರ ಪೂರ್ತಿ ಕೊಟ್ಟೇ ಮುಂದೆ ಹೋಗೋದು, ಕಥೆ ಓಡ್ತಾ ಇದ್ದಿದ್ದು ಹಂಪ್ ಬಂದಂಗೆ ನಿಧಾನ ಆಗತ್ತೆ. ಆದ್ರೆ ರಾಜನಿಗೋಸ್ಕರ ಪ್ರಾಣ ಕೊಡೋ ಲೆಂಕರ ವಿಷಯ ಬರತ್ತಲ್ಲ, ಅಲ್ಲಿ ಮಾತ್ರ ಇನ್ನೂ ಹೇಳಿ ಅನ್ನಿಸ್ತು. ವೀರಗಲ್ಲುಗಳನ್ನ ನಮ್ಮ ಕಡೆ ಹೊಲದ ಬದುವಲ್ಲಿ, ಗುಡಿ ಹಿಂದೆ ಎಷ್ಟು ನೋಡಿಲ್ಲ, ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದು ಬರ್ತೀವಿ. ಆ ಕಲ್ಲಿನ ಹಿಂದೆ ಒಂದು ಮನೆ ಇತ್ತು, ಹೆಂಡತಿ ಇದ್ಲು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ವಾ.

ಎರಡನ್ನೂ ಒಟ್ಟೊಟ್ಟಿಗೆ ಓದಿದ್ದಕ್ಕೆ ಒಂದು ಗೊತ್ತಾಯ್ತು. ತರಾಸು ಕಥೆ ಹೇಳೋದು ಗುಡ್ಡದ ಮೇಲೆ ನಿಂತು, ಅರಮನೆ ಒಳಗಿಂದ. ಅವರಿಗೆ ನಾಯಕರ ಮರ್ಯಾದೆ, ನಾಗತಿಯರ, ಅಂದ್ರೆ ಅರಮನೆ ರಾಣಿಯರ ಸಂಕಟ ಮುಖ್ಯ. ವಸುಧೇಂದ್ರ ಹೊಳೆ ದಂಡೆಯಲ್ಲಿ ಕೂತು ಹೇಳ್ತಾರೆ, ಅಲ್ಲಿಂದ ನೋಡಿದ್ರೆ ರಾಜ ಅನ್ನೋನು ದೂರದಲ್ಲಿ ಎಲ್ಲೋ ಇರ್ತಾನೆ, ಅವನ ಒಂದು ಮಾತಿಗೆ ಇಲ್ಲಿ ಯಾರದ್ದೋ ಮನೆ ಹಾಳಾಗತ್ತೆ. ಎರಡನೇದೇ ಸರಿ ಅಂತ ಬುದ್ಧಿ ಹೇಳತ್ತೆ. ಆದ್ರೆ ಮನಸ್ಸು ಹೋಗಿ ಸಿಕ್ಕಾಕೊಂಡಿರೋದು ಮೊದಲನೇದ್ರಲ್ಲಿ, ಅದಕ್ಕೆ ಕಾರಣ ನಮ್ಮಜ್ಜಿ.

ಅಜ್ಜಿಗೆ ಓದೋಕೆ ಬರಲ್ಲ. ರಾತ್ರಿ ಊಟ ಆದ್ಮೇಲೆ ನಾನು ದಿವಾನ ಮೇಲೆ ಕೂತು ಓದುವಾಗ ಅದೇನು ಅಷ್ಟು ದಪ್ಪದ್ದು, ಜೋರಾಗಿ ಓದೇ ಅಂದ್ಲು ಒಂದಿನ. ಶುರುವಿಂದ ಓದಿ ಹೇಳಿದೆ. ದುರ್ಗದ ಗದ್ದುಗೆಗೆ ಮಕ್ಕಳಿಲ್ಲ, ರಾಜಮಾತೆ ಗಂಡೋಬಳವ್ವ ನಾಗತಿ, ಜಾನಕಲ್ಲಿಂದ ಹನ್ನೆರಡು ವರ್ಷದ ಹುಡುಗನ್ನ ಕರೆಸಿ ಪಟ್ಟ ಕಟ್ಟೋದು. ಓಬಳವ್ವ ಅಂದಿದ್ದೇ ತಡ, ಅಜ್ಜಿ ನೆಟ್ಟಗೆ ಕೂತ್ಕೊಂಡು ಬಂದ್ಲಾ ನಮ್ಮವ್ವ, ಒನಕೆ ಎಲ್ಲಿ ಅಂದ್ಲು. ಅವಳಲ್ಲ ಅಜ್ಜಿ, ಇವಳು ಅರಮನೆ ನಾಗತಿ ಅಂದೆ. ಮುಖ ಸಪ್ಪಗಾಯ್ತು. ಆಮೇಲೆ ದಿನಾ ಅದೇ ಪ್ರಶ್ನೆ, ಇವತ್ತಾದ್ರೂ ಬಂದ್ಲಾ ಓಬವ್ವ, ಕಿಂಡಿ ಬಂತಾ. ಇನ್ನೂ ಹೈದರಾಲಿನೇ ಬಂದಿಲ್ಲ ತಡಿ ಅಜ್ಜಿ ಅಂದ್ರೆ, ಇಷ್ಟು ದಪ್ಪ ಬುಕ್ಕಲ್ಲಿ ಕಹಳೆ ಊದೋನ ಹೆಂಡ್ತಿಗೆ ಮೊದ್ಲೇ ಒಂದಿಷ್ಟು ಜಾಗ ಕೊಡಕ್ಕಾಗ್ಲಿಲ್ವಾ ಅಂದ್ಲು. ಮೇಲಿನ ಪ್ಯಾರಾದಲ್ಲಿ ನಾನು ಅಷ್ಟುದ್ದ ಹೇಳಿದ್ದನ್ನ ಅಜ್ಜಿ ಕವಳ ಹಾಕ್ಕೊಳ್ತಾ ಒಂದೇ ಸಾಲಲ್ಲಿ ಹೇಳಿ ಮುಗಿಸಿಬಿಟ್ಲು.

ಆ ಮೇಲೆ ಮೆಲ್ಲಗೆ ಅಜ್ಜಿಯ ಪ್ರೀತಿ ಮದಕರಿ ಕಡೆ ತಿರುಗ್ತು. ಪಟ್ಟ ಕಟ್ಟಿದಾಗ ಹನ್ನೆರಡು ವರ್ಷ ಅಂತ ಕೇಳಿದ್ಲಲ್ಲ, ಅವಳ ತಲೆಯಲ್ಲಿ ಅವನು ಈಗಲೂ ಅಷ್ಟೇ ವಯಸ್ಸಿನವನು. ಕಥೆಯಲ್ಲಿ ಅವನು ಬೆಳೆದು, ಮದುವೆ ಆಗಿ, ಯುದ್ಧ ಮಾಡಿ ಏನೇನೋ ಆಗಿದ್ದಾನೆ, ಹೈದರಾಲಿಗೆ ಒಂದು ಕಾಲದಲ್ಲಿ ಸಹಾಯ ಮಾಡಿ ಈಗ ಅವನ ಕಣ್ಣಿಗೇ ಬಿದ್ದಿದ್ದಾನೆ, ಅಜ್ಜಿಗೆ ಮಾತ್ರ ಅವನು ಹುಡುಗ. ಹುಡುಗ ಊಟ ಮಾಡಿದ್ನಾ ಅಂತ ಕೇಳೋದು ಒಂದು ಬಾಕಿ ಅಂದ್ಕೊಂಡಿದ್ದೆ, ಅದನ್ನೂ ಒಂದಿನ ಕೇಳಿದ್ಲು.

ಅಜ್ಜಿಗೆ ಕೊನೆ ಗೊತ್ತಿಲ್ಲ ಅಂತಲ್ಲ. ಕೋಟೆ ಕೆಳಗೇ ಎಂಬತ್ತು ವರ್ಷ ಬದುಕಿದೋಳು, ನನಗಿಂತ ಚೆನ್ನಾಗಿ ಗೊತ್ತು. ಆದ್ರೂ ನಾನು ಪುಸ್ತಕ ಕೈಗೆ ತಗೊಂಡ್ರೆ ಇವತ್ತು ಬ್ಯಾಡ ಬಿಡು, ಕಣ್ಣು ನೋಯ್ತವೆ ನಿಂಗೆ ಅಂತಾಳೆ. ಹಿಂಗಾಗಿ ಬಸ್ಸಲ್ಲಿ ತೇಜೋ ಓಡ್ತಾ ಇದೆ, ದುರ್ಗಾಸ್ತಮಾನ ಮನೆಯಲ್ಲಿ ಟಿವಿ ಪಕ್ಕ ಕೂತಿದೆ, ನಡುವೆ ಸಿಗಿಸಿರೋ ಬಸ್ಸಿನ ಫ್ರೀ ಟಿಕೆಟ್ ಎರಡು ವಾರದಿಂದ ಅಲ್ಲಾಡಿಲ್ಲ, ಅಚ್ಚು ಕೂಡ ಅಳಿಸಿ ಹೋಗ್ತಿದೆ. ಯಾರಾದ್ರೂ ತರಾಸು ಓದ್ಬೇಕು, ದಪ್ಪದ್ದು ಬೇಡ ಅಂದ್ರೆ ಹಂಸಗೀತೆ ಓದಿ, ಅದು ಸಣ್ಣದು, ಆದ್ರೆ ಅದೂ ಸುಮ್ಮನೆ ಮಲಗೋಕೆ ಬಿಡಲ್ಲ, ಮೊದಲೇ ಹೇಳಿರ್ತೀನಿ.

ನಿನ್ನೆ ರಾತ್ರಿ ಲೈಟ್ ಆಫ್ ಮಾಡುವಾಗ ಅಜ್ಜಿ ಕತ್ತಲಲ್ಲೇ ಕೇಳಿದ್ಲು, "ಹುಡುಗ ಹೆಂಗದಾನೆ?"

"ಉಂಡು ಮಲಗಿದಾನೆ ಅಜ್ಜಿ" ಅಂದೆ.

"ಹೂಂ, ಮಲಗ್ಲಿ" ಅಂದ್ಲು.