‘ಸರ್ಕಾರಿ ಆಫೀಸಿನಾಗ ಎರಡು ತಿಂಗಳು ಏನ್ ಮಾಡಿದಿ ತಂಗಿ?’

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಕಟ್ಟೆಯ ಮೇಲೆ ಕೂತ ಕಾಕಾಗಳು ಕೇಳುತ್ತಾರೆ, ಕಾಲೇಜಿನ ಜೂನಿಯರ್‌ಗಳು ವಾಟ್ಸಾಪಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಗುರುತಿಲ್ಲದವರೂ ಕೇಳುತ್ತಾರೆ. “ಏನರ ಕೆಲಸ ಕೊಟ್ಟಿದ್ರೋ, ಸುಮ್ನ ಕುಂದರಿಸಿದ್ರೋ?” ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಮಾಡಿದ ನನ್ನ ಗೆಳತಿಯರನ್ನು ಯಾರೂ ಹೀಗೆ ಕೇಳಿದ್ದಿಲ್ಲ. ಸರ್ಕಾರಿ ಕಚೇರಿ ಅಂದ ಕೂಡಲೇ ಅಲ್ಲಿ ಕೆಲಸವೇ ನಡೆಯುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ ಕೇಳುವ ಪ್ರಶ್ನೆ ಇದು. ನಿಂತ ಕಾಲಲ್ಲಿ ಎರಡು ಮಾತು ಹೇಳಿ ಮುಗಿಸುತ್ತಿದ್ದೆ. ಆದರೆ ಆ ಎರಡು ತಿಂಗಳು ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೆ ಇವತ್ತು ಕೂತು ಬರೆಯುತ್ತಿದ್ದೇನೆ.

ನಾನು ಬ್ಯಾಡಗಿ ಹತ್ತಿರದ ಹಳ್ಳಿಯವಳು, ರಾಜ್ಯಶಾಸ್ತ್ರ ಓದಿದವಳು. ಆರನೇ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕಿತ್ತು. ಪ್ರಾಂಶುಪಾಲರ ಪತ್ರ ಹಿಡಿದು ಹಲವು ಕಡೆ ಅರ್ಜಿ ಹಾಕಿದೆ. ಬೆಂಗಳೂರಿನಿಂದ ಒಂದು ಕಚೇರಿ ಬಾ ಎಂದಿತು. ಏಪ್ರಿಲ್ ಮೊದಲ ವಾರ ಒಂದು ಟ್ರಂಕು, ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇಷ್ಟು ಹೊತ್ತುಕೊಂಡು ಕೆಂಪು ಬಸ್ಸು ಹತ್ತಿದೆ. ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು. ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿಗೆ ಕೊಟ್ಟದ್ದು ಸೊನ್ನೆ ರೂಪಾಯಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಪಿಯುಸಿ ಮುಗಿಸಿದ್ದ ನನ್ನಂಥ ಹುಡುಗಿಯರಿಗೆ ಅದು ಕಾಲೇಜಿಗೆ ಹೋಗುವ ಬಸ್ಸಾಗಿತ್ತು. ಅದೇ ಟಿಕೆಟ್ ನನಗೆ ರಾಜಧಾನಿಯ ಬಾಗಿಲನ್ನೂ ತೆರೆಯಿತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಉಳಿದುಕೊಂಡದ್ದು ವಿಜಯನಗರದಲ್ಲಿ, ಚಿಗವ್ವನ ಮನೆಯಲ್ಲಿ. ಇದನ್ನು ಹೇಳಲೇಬೇಕು, ಏಕೆಂದರೆ ನನಗೆ ಗೌರವಧನ ಇರಲಿಲ್ಲ. ಚಿಗವ್ವನ ಮನೆ ಇರದಿದ್ದರೆ ಎರಡು ತಿಂಗಳ ಪಿ.ಜಿ. ಬಾಡಿಗೆ ಕೊಟ್ಟು ನಾನು ಬೆಂಗಳೂರಿನಲ್ಲಿ ಇರುವ ಮಾತೇ ಇರಲಿಲ್ಲ. ನನಗಿಂತ ಚೆನ್ನಾಗಿ ಓದುವ ಇಬ್ಬರು ಗೆಳತಿಯರು ಅದೇ ಕಾರಣಕ್ಕೆ ಊರಿನಲ್ಲೇ ಉಳಿದರು. ಹಳ್ಳಿಯ ಮಕ್ಕಳು ಸರ್ಕಾರವನ್ನು ಹತ್ತಿರದಿಂದ ನೋಡಬೇಕೆಂದರೆ ಒಂದು ಹಾಸಿಗೆ, ಎರಡು ಹೊತ್ತಿನ ಊಟವಾದರೂ ಯಾರಾದರೂ ಹೊಣೆ ಹೊರಬೇಕು. ಇಷ್ಟೊಂದು ವಿದ್ಯಾರ್ಥಿನಿಲಯಗಳಿವೆ. ಬೇಸಿಗೆ ರಜೆಯಲ್ಲಿ ಅವು ಖಾಲಿ ಬೀಳುತ್ತವೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ಸೋಮವಾರ ಬೆಳಗ್ಗೆ ಶಾಖೆಗೆ, ಅಂದರೆ ಇಲಾಖೆಯೊಳಗಿನ ಒಂದು ವಿಭಾಗಕ್ಕೆ, ಹೋದೆ. ನನ್ನನ್ನು ನೋಡಿಕೊಳ್ಳುವ ಜವಾಬ್ದಾರಿ ಬಂದದ್ದು ಶಾಖಾಧಿಕಾರಿ ಮೇಡಂಗೆ. ಅವರು ಮೊದಲ ದಿನ ಮಾಡಿದ ಒಂದೇ ಕೆಲಸ ಎಂದರೆ ಒಂದು ಹಳೆಯ ಕಾಗದದ ಕಡತ ಕೈಗೆ ಕೊಟ್ಟದ್ದು. “ಇದನ್ನ ಕೊನೇ ಪುಟದಿಂದ ಅಲ್ಲ, ಮೊದಲಿಂದ ಓದಿ. ನಾಳೆ ಬಂದು ಏನಾಯ್ತು ಅಂತ ನಂಗೆ ಕಥೆ ಹೇಳಿ” ಎಂದರು.

ಕಡತಕ್ಕೆ ಎರಡು ಭಾಗ. ಒಂದರಲ್ಲಿ ಬಂದ ಪತ್ರ, ಹೋದ ಪತ್ರ. ಇನ್ನೊಂದು ಟಿಪ್ಪಣಿ ಹಾಳೆ. ಟಿಪ್ಪಣಿಯಲ್ಲಿ ಪ್ರತಿ ಕಂಡಿಕೆಗೂ, ಅಂದರೆ ಪ್ಯಾರಾಕ್ಕೂ, ಸಂಖ್ಯೆ ಇರುತ್ತದೆ, ಎಷ್ಟು ಜನ ಬರೆದರೂ ಸಂಖ್ಯೆ ತುಂಡಾಗುವುದಿಲ್ಲ. ವಿಷಯ ನಿರ್ವಾಹಕರು 1ರಿಂದ 6 ಬರೆದರೆ ಶಾಖಾಧಿಕಾರಿ 7, ಅಧೀನ ಕಾರ್ಯದರ್ಶಿ 8, ಉಪ ಕಾರ್ಯದರ್ಶಿ ಒಂದು ಪ್ರಶ್ನೆ ಹಾಕಿ 9. ಕಡತ ಮತ್ತೆ ಕೆಳಗಿಳಿಯುತ್ತದೆ, ಉತ್ತರ 10. ಹಣದ ಮಾತು ಬಂದರೆ ಆರ್ಥಿಕ ಇಲಾಖೆಯ ಸಹಮತಿಗೆ ಹೋಗುತ್ತದೆ. ಈಗಿನ ಹೊಸ ಕಡತಗಳು ಇ-ಆಫೀಸಿನಲ್ಲಿ ಕಂಪ್ಯೂಟರಿನಲ್ಲೇ ಓಡಾಡುತ್ತವೆ, ಆದರೆ ಮೆಟ್ಟಿಲುಗಳು ಅವೇ. ಹೊರಗಿನಿಂದ ನೋಡಿದರೆ ಇದೇ ‘ಫೈಲು ಕೂತಿದೆ’ ಎನ್ನುವುದು. ಒಳಗಿನಿಂದ ಓದುವಾಗ, ಯಾರು ಯಾವ ದಿನ ಏನು ಕೇಳಿದರು, ಯಾರು ಏಕೆ ಒಪ್ಪಲಿಲ್ಲ ಎಂಬುದು ಸಹಿ, ದಿನಾಂಕದ ಸಮೇತ ಎದುರಿಗಿರುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಟಿಪ್ಪಣಿ ಹಾಳೆಯ ಪ್ರತಿ ಪಡೆಯುವುದಕ್ಕೆ ಏಕೆ ಅಷ್ಟು ಬೆಲೆ ಎಂದು ನನಗೆ ಅವತ್ತು ಅರ್ಥವಾಯಿತು.

ಇನ್ನೊಂದು ಪಾಠ ಸರ್ಕಾರಿ ಆದೇಶದ್ದು. ‘ಓದಲಾಗಿದೆ’ ಎಂದು ಹಿಂದಿನ ಪತ್ರಗಳ ಪಟ್ಟಿ, ಆಮೇಲೆ ‘ಪ್ರಸ್ತಾವನೆ’, ಆಮೇಲೆ ಆದೇಶ. ಕೊನೆಗೆ ಸಹಿಯ ಮೇಲೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು. ಸಂವಿಧಾನದ 166ನೇ ವಿಧಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ: ರಾಜ್ಯ ಸರ್ಕಾರದ ಎಲ್ಲ ಕಾರ್ಯಾಂಗ ಕ್ರಮಗಳೂ ರಾಜ್ಯಪಾಲರ ಹೆಸರಿನಲ್ಲಿ ಹೊರಡಬೇಕು. ಅದು ಒಂದು ಹಾಳೆಯ ಕೆಳಗೆ ಅಧೀನ ಕಾರ್ಯದರ್ಶಿಯ ನೀಲಿ ಸಹಿಯ ಪಕ್ಕ ಕೂತಿದ್ದನ್ನು ನೋಡಿದಾಗ, ಪುಸ್ತಕದಲ್ಲಿದ್ದ ವಿಧಿ ಉಸಿರಾಡುವುದು ಕಂಡಿತು.

ನನ್ನ ಪಾಲಿಗೆ ಬಂದ ಕೆಲಸ ಗ್ರಾಮ ಪಂಚಾಯ್ತಿಗಳ ಗ್ರಂಥಾಲಯದ್ದು. ನಮ್ಮ ರಾಜ್ಯದಲ್ಲಿ ಇವಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರು. ಮೇಲ್ವಿಚಾರಕರು ಕಳಿಸಿದ ಪತ್ರಗಳನ್ನು ಓದಿ, ಏನು ಬೇಡಿಕೆ ಇದೆ ಎಂದು ಒಂದು ತಖ್ತೆ, ಅಂದರೆ ಕಾಲಂ ಹಾಕಿದ ಪಟ್ಟಿ, ಮಾಡಬೇಕು. ಕುರ್ಚಿ, ಮೇಜು, ಪುಸ್ತಕ, ವಿದ್ಯುತ್, ಕಟ್ಟಡ, ಇತರೆ. ಐದಾರು ದಿನ ಬಿಡದೆ ಕೂತು ಮುಗಿಸಿ, ಖುಷಿಯಿಂದ ಮೇಡಂಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಕೊನೆಯ ಕಾಲಂ ಮೇಲೆ ಬೆರಳಿಟ್ಟರು.

“ಇತರೆ ಅಂದ್ರೇನಮ್ಮ?”

ಅದರಲ್ಲಿ ನಲವತ್ತಕ್ಕೂ ಹೆಚ್ಚು ಗೆರೆಗಳಿದ್ದವು. ಹೇಳೋಕೆ ಬರಲಿಲ್ಲ. “ಒಂದು ಪತ್ರ ತೆಗೀರಿ, ಓದಿ” ಎಂದರು. ನೋಟ್‌ಬುಕ್ಕಿನ ಹಾಳೆ ಹರಿದು ಬರೆದ ಪತ್ರವೊಂದು ಕೈಗೆ ಬಂತು. ದುಂಡಗಿನ ಅಕ್ಷರ, ನೀಲಿ ಬಾಲ್‌ಪೆನ್ನು. ಬೆಳಗ್ಗೆ ಪತ್ರಿಕೆ ಓದಲು ಏಳೆಂಟು ಜನ ಹಿರಿಯರು ಬರುತ್ತಾರೆ, ಅಕ್ಷರ ಕಾಣದ್ದರಿಂದ ನನ್ನ ಕೈಲೇ ಓದಿಸಿಕೊಳ್ಳುತ್ತಾರೆ, ಒಂಬತ್ತಕ್ಕೆ ಮಕ್ಕಳು ಬರುವುದರಿಂದ ಪೂರ್ತಿ ಓದಿ ಹೇಳಲು ಆಗುತ್ತಿಲ್ಲ, ಎರಡು ಭೂತಕನ್ನಡಿ ಕೊಡಿಸಿದರೆ ಉಪಕಾರವಾಗುತ್ತದೆ. ಇಷ್ಟು ಇತ್ತು. ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು. ಆ ಹಳ್ಳಿಯ ಬೆಳಗಿನ ಹೊತ್ತೆಲ್ಲ ಆ ಹಾಳೆಯಲ್ಲಿತ್ತು. ನಾನು ಅದನ್ನು ‘ಇತರೆ - 1’ ಎಂದು ಬರೆದಿದ್ದೆ.

“ಆ ಕಾಲಂ ತೆಗೆದುಬಿಡಿ. ಅವ್ರು ಏನ್ ಕೇಳಿದಾರೋ ಅದನ್ನೇ ಬರೀರಿ” ಅಂದರು ಮೇಡಂ. ಬೈಯಲಿಲ್ಲ. ಭೂತಕನ್ನಡಿಗೆ ಕಡತ ಬೇಕಿಲ್ಲ, ಪಂಚಾಯ್ತಿಯೇ ಕೊಡಿಸಬಹುದು ಎಂದು ಆಗಲೇ ಆ ಊರಿನ ಪಿಡಿಒಗೆ ಫೋನು ಮಾಡಿದರು. ಮೂರು ನಿಮಿಷದ ಮಾತು. ನಾನು ಮತ್ತೆ ಮೊದಲಿಂದ ಕೂತೆ. ಸೋರುವ ಚಾವಣಿ, ಗಾಲಿಕುರ್ಚಿಯ ಹುಡುಗ ಬರಲು ಇಳಿಜಾರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ರಾತ್ರಿ ಎಂಟರವರೆಗೆ ದೀಪ, ಹೆಣ್ಣುಮಕ್ಕಳಿಗೆ ಶೌಚಾಲಯ. ತಖ್ತೆ ಉದ್ದವಾಯಿತು. ಮೇಲೆ ಹೋದ ಟಿಪ್ಪಣಿಯ ಒಂದು ಕಂಡಿಕೆಗೆ ನನ್ನ ತಖ್ತೆಯೇ ಅಡಕ. ಅಡಕ ಎಂದರೆ ಜೊತೆಗಿಟ್ಟ ಕಾಗದ. ಎರಡು ತಿಂಗಳಲ್ಲಿ ನಾನು ಮಾಡಿದ ಕೆಲಸ ಯಾವುದು ಎಂದರೆ ಅದು.

ಇನ್ನು ಊರು ಸುತ್ತಿದ್ದು. ಕಚೇರಿ ಬಿಡುತ್ತಿದ್ದುದು ಐದೂವರೆಗೆ. ಮೊದಲ ವಾರ ನೇರ ಚಿಗವ್ವನ ಮನೆಗೆ ಹೋಗುತ್ತಿದ್ದೆ, ದಾರಿ ತಪ್ಪುವ ಭಯ. ಎರಡನೇ ವಾರ ಒಂದು ಸಂಜೆ ವಿಧಾನಸೌಧದ ಎದುರು ನಿಂತು ಬಾಗಿಲ ಮೇಲಿನ ‘ಸರ್ಕಾರದ ಕೆಲಸ ದೇವರ ಕೆಲಸ’ ಓದಿದೆ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದ್ದು, ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದ್ದು, 1956ಕ್ಕೆ ಮುಗಿದದ್ದು ಎಲ್ಲ ಗೊತ್ತಿತ್ತು. ಆದರೆ ಒಂದು ವಿಷಯ ಅಲ್ಲಿ ನಿಂತಾಗಲೇ ಹೊಳೆಯಿತು. ಆ ಕಲ್ಲು ಏಳುತ್ತಿದ್ದಾಗ ನಮ್ಮ ಬ್ಯಾಡಗಿ ಈ ರಾಜ್ಯದಲ್ಲಿ ಇರಲೇ ಇಲ್ಲ. ನಮ್ಮದು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆ. ನಮ್ಮ ಅಜ್ಜನ ಕಾಗದಪತ್ರಗಳ ಸರ್ಕಾರ ಮುಂಬಯಿಯಲ್ಲಿತ್ತು. ಕಟ್ಟಡ ಮುಗಿದ ವರ್ಷದ ನವೆಂಬರ್ 1ರಂದೇ ನಾವು ಇತ್ತ ಸೇರಿದೆವು. ಹಳೇ ಮೈಸೂರಿಗೆಂದು ಕಟ್ಟಿದ ಮನೆಗೆ ಬೀದರಿನವರು, ಮಂಗಳೂರಿನವರು, ಕೊಡಗಿನವರು, ನಾವು ಎಲ್ಲ ಬಂದೆವು. ಅಲ್ಲಿಯವರೆಗೆ ಬೆಂಗಳೂರು ನನಗೆ ‘ಅವರ’ ಊರಾಗಿತ್ತು. ಆ ಸಂಜೆಯಿಂದ ಹಾಗನ್ನಿಸಲಿಲ್ಲ.

ಎದುರಿಗೇ ಕೆಂಪು ಬಣ್ಣದ ಅಠಾರಾ ಕಚೇರಿ, 1868ರದ್ದು. ಹದಿನೆಂಟು ಇಲಾಖೆಗಳು ಅಲ್ಲಿದ್ದುದರಿಂದ ಆ ಹೆಸರು. ಈಗ ಹೈಕೋರ್ಟು. ಅದರ ಹಿಂದೆ ಕಬ್ಬನ್ ಪಾರ್ಕು, ಅದರೊಳಗೆ 1915ರಲ್ಲಿ ಕಟ್ಟಿದ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ. ಹಗಲೆಲ್ಲ ಹಳ್ಳಿಯ ಗ್ರಂಥಾಲಯಗಳ ಪತ್ರ ಓದಿದವಳಿಗೆ ಅಲ್ಲಿ ಹೋಗದೆ ಇರಲಾಗಲಿಲ್ಲ. ನಾಲ್ಕನೇ ಶನಿವಾರ ರಜೆಯಿತ್ತು, ಹೋಗಿ ಮಧ್ಯಾಹ್ನದವರೆಗೆ ಕೂತೆ. ನನ್ನ ಪಕ್ಕದಲ್ಲಿ ಒಬ್ಬ ಹಿರಿಯರು ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ನನಗೆ ಆ ದುಂಡಗಿನ ಅಕ್ಷರದ ಪತ್ರ ನೆನಪಾಯಿತು.

ಭಾನುವಾರಗಳಲ್ಲಿ ನಾನು ಕಂಡುಕೊಂಡ ಉಪಾಯ ಇಷ್ಟು: ಬಿಎಂಟಿಸಿ ಬಸ್ಸು ಹತ್ತಿ, ಆಧಾರ್ ತೋರಿಸಿ, ಸೊನ್ನೆಯ ಟಿಕೆಟ್ ತಗೊಂಡು ಕೊನೆಯ ಸ್ಟಾಪಿನವರೆಗೆ ಹೋಗುವುದು. ಹೆಸರಘಟ್ಟ, ಬನ್ನೇರುಘಟ್ಟ, ಕಾಡುಗೋಡಿ, ಕೆಂಗೇರಿ. ಕೈಯಲ್ಲಿ ದುಡ್ಡಿಲ್ಲದ ಇಪ್ಪತ್ತೊಂದು ವರ್ಷದ ಹುಡುಗಿ ಇಂಥ ದೊಡ್ಡ ಊರನ್ನು ಯಾರನ್ನೂ ಕೇಳದೆ, ಯಾರನ್ನೂ ಕಾಯದೆ ಮೂಲೆ ಮೂಲೆ ನೋಡಬಹುದು ಎಂಬುದು ಸಣ್ಣ ಮಾತಲ್ಲ. ಬಿಟ್ಟಿ ಭಾಗ್ಯ ಎಂದು ಆಡಿಕೊಳ್ಳುವವರ ಜೊತೆ ನಾನು ಈಗ ಸಮಾಧಾನದಿಂದ ವಾದ ಮಾಡುತ್ತೇನೆ. ಆ ಟಿಕೆಟುಗಳನ್ನೆಲ್ಲ ಡೈರಿಯಲ್ಲಿ ಇಟ್ಟುಕೊಂಡಿದ್ದೇನೆ. ಅಕ್ಷರ ಮಾಸುತ್ತಿದೆ.

ನನಗೆ ಹೆಚ್ಚು ಹಿಡಿಸಿದ್ದು ಪೇಟೆ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ನಗರ್ತಪೇಟೆ, ಹೆಸರು ಕೇಳಿದರೇ ಅಲ್ಲಿ ಯಾರು ಏನು ಮಾಡುತ್ತಿದ್ದರು ಎಂದು ಗೊತ್ತಾಗುತ್ತದೆ. ತರಗುಪೇಟೆಯ ಒಂದು ದಿನಸಿ ಅಂಗಡಿ ಮುಂದೆ ಹೋಗುವಾಗ ಗಂಟಲು ಕೆರೆದು ಸೀನು ಬಂತು. ತಿರುಗಿ ನೋಡಿದರೆ ಬಾಯಿ ಬಿಚ್ಚಿದ ಚೀಲದಲ್ಲಿ ಸುಕ್ಕುಗಟ್ಟಿದ, ಕಡುಗೆಂಪು ಮೆಣಸಿನಕಾಯಿ. ಒಂದನ್ನು ಎತ್ತಿ ಮೂಸಿದೆ. “ಬ್ಯಾಡಗಿದು ಕಣಮ್ಮ, ಬಣ್ಣ ನೋಡಿ” ಎಂದರು ಅಂಗಡಿಯವರು. “ಗೊತ್ತೈತ್ರಿ” ಎಂದೆ. ಕಣ್ಣಲ್ಲಿ ನೀರು ಬಂತು. ಅದು ಖಾರದ್ದಲ್ಲ, ಆ ಕಾಯಿಗೆ ಅಷ್ಟು ಖಾರವಿಲ್ಲ.

ಕಚೇರಿಯ ದಲಾಯತ್ ಅಣ್ಣನ ಮನೆ ತಿಗಳರಪೇಟೆಯ ಹತ್ತಿರ. ಚೈತ್ರ ಹುಣ್ಣಿಮೆಗೆ ಕರಗ ನೋಡಲು ಮನೆಗೆ ಕರೆದರು. ಚಿಗವ್ವ, ಕಾಕಾ, ನಾನು ಮೂವರೂ ಹೋದೆವು. ಅವರ ಮನೆಯ ಅಕ್ಕ ಚಿತ್ರಾನ್ನ ಮಾಡಿದ್ದರು. ನಡುರಾತ್ರಿ ಕಳೆದ ಮೇಲೆ ಧರ್ಮರಾಯನ ಗುಡಿಯಿಂದ ಮಲ್ಲಿಗೆಯಲ್ಲಿ ಮುಚ್ಚಿಹೋದ ಕರಗ ಹೊರಬಂತು. ಸುತ್ತ ಕತ್ತಿ ಹಿಡಿದ ವೀರಕುಮಾರರು, ಬೀದಿಗೆ ಬೀದಿಯೇ ‘ಗೋವಿಂದಾ’ ಎನ್ನುತ್ತಿತ್ತು. ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುತ್ತದೆ ಎಂದು ಅಕ್ಕ ಹೇಳಿದರು. ಶಿಶುನಾಳ ಶರೀಫಜ್ಜನ ಜಿಲ್ಲೆಯಿಂದ ಬಂದ ನಮಗೆ ಅದು ಹೊಸದು ಅನ್ನಿಸಲಿಲ್ಲ, ನಮ್ಮದೇ ಅನ್ನಿಸಿತು.

ಜೂನಿಯರ್‌ಗಳು ಕೇಳುವುದು ಇನ್ನೊಂದಿದೆ: ಅರ್ಜಿ ಹಾಕಬೇಕಾ, ಕಂಪನಿ ನೋಡಬೇಕಾ? ಆಡಳಿತ, ಕಾನೂನು, ಪತ್ರಿಕೋದ್ಯಮ, ಕೆಎಎಸ್ ಇವುಗಳಲ್ಲಿ ಯಾವುದರ ಆಸೆ ಇದ್ದರೂ ಕಣ್ಣುಮುಚ್ಚಿ ಅರ್ಜಿ ಹಾಕಿ. ಕಾಲೇಜಿನ ಪತ್ರದಲ್ಲಿ ನೀವು ಏನು ಓದಿದ್ದೀರಿ, ಎಷ್ಟು ವಾರ ಇರುತ್ತೀರಿ ಎಂದು ಸ್ಪಷ್ಟವಾಗಿ ಬರೆಸಿ. ಕನ್ನಡ ಟೈಪಿಂಗ್ ಕಲಿತು ಹೋಗಿ, ಯೂನಿಕೋಡ್ ಮತ್ತು ನುಡಿ ತಂತ್ರಾಂಶ ಎರಡೂ. ಮೊದಲ ದಿನವೇ ನನಗೆ ಕುರ್ಚಿ ಸಿಕ್ಕಿದ್ದು ನುಡಿ ಬರುತ್ತದೆ ಎಂದದ್ದಕ್ಕೆ. ಅಲ್ಲಿ ಓದಿದ ಕಡತದ ಮಾತು ಹೊರಗೆ ಆಡಬೇಡಿ. ಕೆಲಸ ಕೊಡಲಿಲ್ಲವೆಂದು ಮೊಬೈಲು ಹಿಡಿದು ಕೂರಬೇಡಿ, ಹಳೆಯ ಕಡತ ಕೇಳಿ. ಕೇಳಿದರೆ ಕೊಡುತ್ತಾರೆ.

ಮೇ ಕೊನೆಗೆ ಊರಿಗೆ ಬಂದೆ. ಬಂದ ದಿನವೇ ಅಪ್ಪನ ಹತ್ತಿರ ಮನೆ ಕರದ ರಸೀದಿ ಕೇಳಿದೆ. ಅಪ್ಪ ಟ್ರಂಕಿನಿಂದ ತೆಗೆದುಕೊಟ್ಟರು. ಅದರಲ್ಲಿ ಸಣ್ಣ ಅಕ್ಷರದಲ್ಲಿ ‘ಗ್ರಂಥಾಲಯ ಕರ’ ಅಂತಿದೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಇಷ್ಟು ವರ್ಷ ಕಟ್ಟುತ್ತಿದ್ದರೂ ನಮ್ಮ ಮನೆಯಲ್ಲಿ ಯಾರೂ ಅದನ್ನು ಓದಿರಲಿಲ್ಲ.

ಮರುದಿನ ಬೆಳಗ್ಗೆ ನಮ್ಮೂರ ಪಂಚಾಯ್ತಿಯ ಗ್ರಂಥಾಲಯಕ್ಕೆ ಹೋದೆ. ಏಳನೇ ಕ್ಲಾಸಿನ ನಂತರ ಆ ಬಾಗಿಲು ತುಳಿದಿರಲಿಲ್ಲ. ಮೇಲ್ವಿಚಾರಕರು ಪತ್ರಿಕೆಗಳಿಗೆ ಸೀಲು ಹೊಡೆಯುತ್ತಿದ್ದರು.

“ಯಾವ ಪುಸ್ತಕ ಬೇಕಾಗಿತ್ತವಾ?” ಅಂದರು.

“ಪುಸ್ತಕ ಆಮ್ಯಾಲ ತಗೋತೀನ್ರಿ. ಇಲ್ಲಿಗೆ ಏನೇನ್ ಬೇಕಾಗೇತಿ, ಅದನ್ನ ಹೇಳ್ರಿ” ಅಂದೆ.

ಅವರು ಸೀಲು ಕೆಳಗಿಟ್ಟರು. ಕುರ್ಚಿಯ ಧೂಳು ಒರೆಸಿ ನನ್ನತ್ತ ಸರಿಸಿದರು. ನಾನು ಡೈರಿ ತೆಗೆದೆ.